ಪಾರ್ವತಕ್ಕ ಹಾಕಿದ ಮಿತಿಗಳು

ಪಾರ್ವತಕ್ಕನ ಬಳಿ ಯಾರು ಏನು ಕೇಳಲು ಹೋದರೂ ಅವರ ಮೊದಲ ಮಾತು ಒಂದೇ: "ಎಷ್ಟು?" ಇಲ್ಲ ಎನ್ನುತ್ತಿರಲಿಲ್ಲ, ಆಗಲಿ ಎಂದೂ ಅನ್ನುತ್ತಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಎದುರಿಗೆ ನಿಂತವರ ಮುಖ ನೋಡುತ್ತಿದ್ದರು. ಆಫೀಸಿನ ಅಮೆರಿಕನ್ನರಿಗೆ "ಹೌ ಮಚ್?", ನನಗೆ "ಎಷ್ಟ ಬೇಕು?" ಮೆಮೊರಿ ಸಾಲುತ್ತಿಲ್ಲ ಎಂದರೂ ಅದೇ ಪ್ರಶ್ನೆ, ಡಿಸ್ಕಿನಲ್ಲಿ ಜಾಗ ಬೇಕು ಎಂದರೂ ಅದೇ, ಊಟದ ಕೋಣೆಯಲ್ಲಿ ಸಕ್ಕರೆಯ ಪೊಟ್ಟಣ ಈ ಕಡೆ ಕೊಡಿ ಎಂದರೂ ಅದೇ. ಆದಷ್ಟು ಜಾಸ್ತಿ ಕೊಡಿ ಎಂದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. ಒಂದು ಸಂಖ್ಯೆ ಹೇಳಿದವರಿಗೆ ಮಾತ್ರ ಅವರ ಮೇಜಿನ ಪಕ್ಕದ ಕುರ್ಚಿ ಸಿಗುತ್ತಿತ್ತು.

ನಾವಿದ್ದದ್ದು ಅಮೆರಿಕದ ಲಿವೋನಿಯಾ ಎಂಬ ಊರಿನಲ್ಲಿ, ಫ್ರೀವೇಗೆ ಬೆನ್ನು ಮಾಡಿಕೊಂಡಿದ್ದ ಒಂದಂತಸ್ತಿನ ಕಟ್ಟಡದಲ್ಲಿ. ಕಾರು ಡಿಕ್ಕಿ ಹೊಡೆದಾಗ ಸೀಟಿನ ಚೌಕಟ್ಟು ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ. ಇಂಜಿನಿಯರುಗಳು ಹನ್ನೆರಡು ಜನ, ಲೆಕ್ಕ ಹಾಕುವ ದೊಡ್ಡ ಯಂತ್ರ ಒಂದೇ. ಒಂದೊಂದು ಲೆಕ್ಕ ಮುಗಿಯಲು ನಾಲ್ಕು ದಿನ, ವಾರ ಹಿಡಿಯುತ್ತಿತ್ತು. ಆ ಯಂತ್ರ ಓಡುತ್ತಿದ್ದದ್ದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ, ಅದನ್ನು ನೋಡಿಕೊಳ್ಳುತ್ತಿದ್ದವರು ಪಾರ್ವತಕ್ಕ. ಪಾರ್ವತಿ ಅಂಗಡಿ, ಗದಗಿನ ಕಡೆಯವರು. ಐವತ್ತೆಂಟರ ಪ್ರಾಯ, ಗಿಡ್ಡ ಆಳು, ಕಿವಿಯಲ್ಲಿ ಹರಳಿನ ಬೆಂಡೋಲೆ. ಸರ್ವರ್ ಕೋಣೆಯಲ್ಲಿ ಯಾವಾಗಲೂ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹದಿನೆಂಟು ಸೆಲ್ಸಿಯಸ್‌ನ ಚಳಿ. ಅದಕ್ಕಾಗಿ ಜುಲೈ ತಿಂಗಳಲ್ಲೂ ಕುರ್ಚಿಯ ಬೆನ್ನಿಗೆ ದಪ್ಪನೆಯ ಮರೂನ್ ಬಣ್ಣದ ಚಳಿಗಾಲದ ಜಾಕೆಟ್ ನೇತುಹಾಕಿರುತ್ತಿದ್ದರು. ಹೊರಗೆ ಬೆವರು ಸುರಿಯುವ ದಿನ ಅದನ್ನು ತೊಟ್ಟು, ಜಿಪ್ ಮೇಲಕ್ಕೆಳೆದು, ಹಿಮದಲ್ಲಿ ಹೊರಟವರಂತೆ ಒಳಗೆ ಹೋಗುತ್ತಿದ್ದರು.

ನಾನು ಸೇರಿದ ಮೊದಲ ದಿನ, ಕನ್ನಡದವರು ಸಿಕ್ಕರಲ್ಲ ಎಂಬ ಸಂತೋಷದಲ್ಲಿ "ನಮಸ್ಕಾರ ಆಂಟಿ" ಎಂದುಬಿಟ್ಟೆ. ಟ್ರಾಯ್‌ನ ದೇವಸ್ಥಾನದಲ್ಲಿ, ನಮ್ಮ ಕಡೆಯವರೆಲ್ಲ ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ಗಳಲ್ಲಿ, ಅವರ ವಯಸ್ಸಿನವರನ್ನೆಲ್ಲ ನಾವು ಕರೆಯುವುದು ಹಾಗೇ. ಅವರು ನಕ್ಕರು.

"ಆಫೀಸಿನ್ಯಾಗ ಆಂಟಿ ಅಂತ ಯಾರೂ ಇರೂದಿಲ್ಲ ತಂಗಿ. ಅಕ್ಕ ಅನ್ನು, ನಡೀತದ."

ಅಂದಿನಿಂದ ಅವರು ಪಾರ್ವತಕ್ಕ, ನಾನು ತಂಗಿ. ಮೈಸೂರಿನ ನನ್ನ ಕನ್ನಡ ಅವರಿಗೆ ತೀರ ನಯ, ಕೇಳಿದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅರ್ಧ ನನಗೆ ಮೊದಲ ತಿಂಗಳು ತಿಳಿಯಲೇ ಇಲ್ಲ. ಮಧ್ಯಾಹ್ನ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು, ಅದರಿಂದ ಕಟಿ ರೊಟ್ಟಿ ಮುರಿದು ಶೇಂಗಾ ಹಿಂಡಿಯ, ಅಂದರೆ ಕಡಲೆಕಾಯಿ ಚಟ್ನಿಪುಡಿಯ, ಜೊತೆ ಕೊಡುತ್ತಿದ್ದರು. ಆ ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಮೇಜಿನವರು ತಲೆಯೆತ್ತಿ ನೋಡುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ವಿಕ್ಸಮ್‌ನಲ್ಲಿ ಸ್ವಂತ ಮನೆ, ಒಬ್ಬನೇ ಮಗ ಶಿಕಾಗೋ ಕಡೆ ಕೆಲಸದಲ್ಲಿ. ಸ್ವಂತದ ವಿಷಯ ಇಷ್ಟು ತಿಳಿಯಲು ನನಗೆ ಒಂದು ಚಳಿಗಾಲ ಬೇಕಾಯಿತು. ಯಂತ್ರದ ವಿಷಯ ಮಾತ್ರ ಕೇಳಿದ ಕೂಡಲೇ ಹೇಳುತ್ತಿದ್ದರು.

ಆ ವಿಷಯದಲ್ಲಿ ಅವರಿಗೆ ಎಲ್ಲಕ್ಕಿಂತ ಪ್ರೀತಿ ಇದ್ದದ್ದು ಮಿತಿಗಳ ಮೇಲೆ. ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎನ್ನುತ್ತೇವೆ. ಒಂದು ಪ್ರೊಸೆಸ್ ಎಷ್ಟು ಮೆಮೊರಿ ಹಿಡಿಯಬಹುದು, ಒಟ್ಟಿಗೆ ಎಷ್ಟು ಫೈಲು ತೆರೆದಿಟ್ಟುಕೊಳ್ಳಬಹುದು, ಒಬ್ಬ ಬಳಕೆದಾರ ಎಷ್ಟು ಪ್ರೊಸೆಸ್ ಹುಟ್ಟಿಸಬಹುದು ಎಂದು ಗೆರೆ ಎಳೆಯುವ ವ್ಯವಸ್ಥೆ ಲಿನಕ್ಸ್ ಸೇರಿದ ಯುನಿಕ್ಸ್ ವಂಶದ ಯಂತ್ರಗಳಲ್ಲಿ ಹಿಂದಿನಿಂದಲೂ ಇದೆ. ಬಹಳ ಆಫೀಸುಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ, ಇದೆ ಎಂದು ಗೊತ್ತಿರುವವರೂ ಕಡಿಮೆ. ಪಾರ್ವತಕ್ಕ ಮಾತ್ರ ಪ್ರತಿಯೊಬ್ಬರಿಗೂ ಗೆರೆ ಎಳೆದಿದ್ದರು, ತಮಗೂ ಸೇರಿ. ಅದು ಕೆಲವರಿಗೆ ಕಿರಿಕಿರಿ. ಎಲ್ಲರಿಗಿಂತ ಹೆಚ್ಚು ಕಿರಿಕಿರಿ ನಮ್ಮ ವಿಭಾಗದ ಮುಖ್ಯಸ್ಥ ಗ್ರೆಗ್‌ಗೆ. ಇಷ್ಟು ದುಡ್ಡು ಕೊಟ್ಟು ಯಂತ್ರ ತಂದಿದ್ದು ಓಡಿಸುವುದಕ್ಕೋ ಕಟ್ಟಿಹಾಕುವುದಕ್ಕೋ ಎಂದು ಅವನು ಮೀಟಿಂಗಿನಲ್ಲಿ ಕೇಳಿದ್ದನ್ನು ನಾನೇ ಕೇಳಿದ್ದೇನೆ.

ನಾನು ಸೇರಿ ಎರಡು ತಿಂಗಳಾಗಿತ್ತು. ಎಡಗಡೆಯ ಸೀಟು, ಬಲಗಡೆಯ ಸೀಟು ಎರಡರ ಲೆಕ್ಕವನ್ನೂ ಒಟ್ಟಿಗೆ ಶುರುಮಾಡಲು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಏಳೇ ಸಾಲು. ಲೆಕ್ಕ ಹಾಕುವ ಪ್ರೋಗ್ರಾಮನ್ನು ಎರಡು ಸಲ ಕರೆಯುವುದಷ್ಟೇ ಅದರ ಕೆಲಸ. ನೆನಪಿಟ್ಟುಕೊಳ್ಳಲು ಸುಲಭವಾಗಲಿ ಎಂದು ಸ್ಕ್ರಿಪ್ಟಿಗೆ ಆ ಪ್ರೋಗ್ರಾಮಿನ ಹೆಸರನ್ನೇ ಇಟ್ಟೆ. ತಪ್ಪಾದದ್ದು ಅಲ್ಲಿ. ಒಂದು ಮಂಗಳವಾರ, ಊಟ ಮುಗಿಸಿ ಬಂದು, ಎಲ್ಲರ ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸಿ ಓಡಿಸುವ ಕ್ಯೂಗೆ ಅದನ್ನು ಸೇರಿಸಿದೆ. ಸ್ಕ್ರಿಪ್ಟ್ ಆ ಹೆಸರಿನ ಪ್ರೋಗ್ರಾಮನ್ನು ಹುಡುಕಿತು, ಮೊದಲು ಕೈಗೆ ಸಿಕ್ಕಿದ್ದು ಅದೇ ಹೆಸರಿನ ತಾನೇ. ತನ್ನನ್ನು ತಾನೇ ಎರಡು ಸಲ ಕರೆಯಿತು. ಆ ಎರಡು ನಾಲ್ಕಾದವು, ನಾಲ್ಕು ಎಂಟಾದವು. ನಾನು ಕಾಫಿಗೆ ಹಾಲು ಹಾಕಿಕೊಂಡು ಮೇಜಿಗೆ ಬರುವಷ್ಟರಲ್ಲಿ ಅವು ಎಷ್ಟಾಗಿದ್ದವೋ ಎಣಿಸುವುದೂ ಸಾಧ್ಯವಿರಲಿಲ್ಲ, ಯಾಕೆಂದರೆ ಎಣಿಸಲಿಕ್ಕೂ ಯಂತ್ರದಲ್ಲಿ ಒಂದು ಹೊಸ ಪ್ರೊಸೆಸ್ ಹುಟ್ಟಬೇಕು. ಅದಕ್ಕೆ ಜಾಗ ಉಳಿದಿರಲಿಲ್ಲ.

ಒಬ್ಬೊಬ್ಬರ ಪರದೆಯೂ ನಿಂತಿತು. ಯಾರೋ ಎದ್ದು ನಿಂತು ತನ್ನದು ಹ್ಯಾಂಗ್ ಆಗಿದೆ ಎಂದರು, ಅದರ ಹಿಂದೆಯೇ ಇನ್ನೊಬ್ಬರು. ಪಾರ್ವತಕ್ಕ ಜಾಕೆಟ್ ತೊಟ್ಟು ಒಳಗೆ ಹೋದರು. ಹತ್ತು ನಿಮಿಷ ಏನೇನೋ ಪ್ರಯತ್ನಿಸಿ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ಯಂತ್ರವನ್ನು ಆರಿಸಬೇಕಾಗಿದೆ, ಬೇರೆ ದಾರಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಒಳಗೆ ಹೋಗಿ ಸ್ವಿಚ್ ಒತ್ತಿದರು. ಯಂತ್ರದ ಫ್ಯಾನುಗಳ ಸದ್ದು ನಿಂತಾಗ ಕಟ್ಟಡದಲ್ಲಿ ಎಂಥ ಮೌನ ಇರುತ್ತದೆ ಎಂದು ನನಗೆ ಮೊದಲ ಸಲ ತಿಳಿಯಿತು. ಗುರುವಾರ ಗಿರಾಕಿಗೆ ಕೊಡಬೇಕಿದ್ದ, ಆರು ದಿನದಿಂದ ಓಡುತ್ತಿದ್ದ ಲೆಕ್ಕವೂ ಅದರೊಡನೆ ಹೋಯಿತು. ಅದು ಗ್ರೆಗ್‌ನದು.

ಸಂಜೆಯ ಹೊತ್ತಿಗೆ ಕ್ಯೂವಿನ ದಾಖಲೆಯಲ್ಲಿ ನನ್ನ ಹೆಸರು ಸಿಕ್ಕಿತು. ಮರುದಿನ ಬೆಳಗ್ಗೆ ಹತ್ತಕ್ಕೆ ತನ್ನ ಕೋಣೆಗೆ ಬರಬೇಕೆಂದು ಗ್ರೆಗ್ ಬರೆದಿದ್ದ. ನನ್ನದು ವರ್ಕ್ ವೀಸಾ. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ನಾನು ಅಪಾರ್ಟ್‌ಮೆಂಟಿಗೆ ಹೋಗಿ, ಇನ್ನೂ ಬಿಚ್ಚದೇ ಇದ್ದ ಎರಡು ಸೂಟ್‌ಕೇಸುಗಳನ್ನು ನೋಡುತ್ತ, ಬಿಚ್ಚದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಮರುದಿನ ಹತ್ತಕ್ಕೆ ಹೋದಾಗ ಪಾರ್ವತಕ್ಕ ಆಗಲೇ ಅಲ್ಲಿದ್ದರು. ಅವರನ್ನು ಕರೆದಿರಲಿಲ್ಲ. ಅವರ ಕೈಯಲ್ಲಿ ಒಂದೇ ಒಂದು ಹಾಳೆ. ಗ್ರೆಗ್ ಮಾತು ಶುರುಮಾಡುವ ಮೊದಲೇ ಅದನ್ನು ಅವನ ಮುಂದಿಟ್ಟು, ನಿಧಾನವಾಗಿ, ಒಂದೊಂದೇ ವಾಕ್ಯವನ್ನು ತೂಗಿ ಇಂಗ್ಲಿಷಿನಲ್ಲಿ ಹೇಳಿದರು. ಒಬ್ಬರು ಇಷ್ಟಕ್ಕಿಂತ ಹೆಚ್ಚು ಪ್ರೊಸೆಸ್ ಹುಟ್ಟಿಸಬಾರದೆಂದು ತಾವು ಮಿತಿ ಹಾಕಿದ್ದು ನಿಜ. ಆದರೆ ಆ ಮಿತಿ ಅನ್ವಯಿಸುವುದು ಲಾಗಿನ್ ಆಗಿ ಒಳಗೆ ಬಂದವರಿಗೆ. ಕ್ಯೂ ಇದೆಯಲ್ಲ, ಅದು ಯಂತ್ರ ಆನ್ ಆದಾಗಲೇ ಶುರುವಾಗುತ್ತದೆ, ಅದು ಲಾಗಿನ್ ಆಗುವುದಿಲ್ಲ, ತಾವು ಮಿತಿಗಳನ್ನು ಬರೆದಿಟ್ಟ ಫೈಲನ್ನು ಓದುವುದೂ ಇಲ್ಲ. ಕ್ಯೂ ಹುಟ್ಟಿಸಿದ ಕೆಲಸಗಳು ಕ್ಯೂವಿನ ಮಿತಿಯನ್ನೇ ಪಡೆದು ಹುಟ್ಟುತ್ತವೆ. ಕ್ಯೂವಿಗೆ ಮಿತಿಯೇ ಇರಲಿಲ್ಲ. ತಾವು ಲಾಗಿನ್ ಆಗಿ ಪರೀಕ್ಷಿಸಿ, ಸರಿಯಾಗಿದೆ ಎಂದುಕೊಂಡು ಎರಡು ವರ್ಷ ಸುಮ್ಮನಿದ್ದರು. ಹಾಗಾಗಿ ತಪ್ಪು ತಮ್ಮದು.

ಸ್ಕ್ರಿಪ್ಟ್ ಬರೆದದ್ದು ಇವಳಲ್ಲವೇ ಎಂದು ಗ್ರೆಗ್ ನನ್ನ ಕಡೆ ನೋಡಿದ. ಅಂಥ ಸ್ಕ್ರಿಪ್ಟನ್ನು ಯಾರು ಬೇಕಾದರೂ ಬರೆಯಬಹುದು, ನೀನೂ ಬರೆಯಬಹುದು, ಒಬ್ಬರ ಏಳು ಸಾಲು ಹನ್ನೊಂದು ಜನರ ಕೆಲಸ ಕೆಡಿಸದಿರಲಿ ಎಂದೇ ನನಗೆ ಸಂಬಳ ಕೊಡುತ್ತಿದ್ದೀರಿ ಎಂದರು ಪಾರ್ವತಕ್ಕ. ಅವರ ದನಿ ಏರಲಿಲ್ಲ.

ಈಗ ಅದೇ ಕೆಲಸ ಮಾಡುತ್ತಿರುವ ನನಗೆ ಒಂದು ಮಾತು ಚೆನ್ನಾಗಿ ಗೊತ್ತು. ಕ್ಯೂವಿನ ಆ ಸಂದು ಇಡೀ ಕಟ್ಟಡದಲ್ಲಿ ಅವರೊಬ್ಬರಿಗೆ ಮಾತ್ರ ಕಾಣುವಂಥದ್ದು. ಅವರು ಬಾಯಿ ಮುಚ್ಚಿಕೊಂಡು, ಮರುದಿನ ಸದ್ದಿಲ್ಲದೆ ಅದನ್ನು ಮುಚ್ಚಿಬಿಟ್ಟಿದ್ದರೆ ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ.

ನನ್ನ ಕೆಲಸ ಉಳಿಯಿತು. ಅವರಿಗೆ ಅದರ ಬೆಲೆ ಬಿತ್ತು. ಹೊರಗಿನಿಂದ ಒಬ್ಬ ಸಲಹೆಗಾರನನ್ನು ಕರೆಸಿ ಅವರ ಮೇಲೆ ಕೂರಿಸಿದರು. ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು ಒಂದು ಸಾಲು ಬದಲಿಸಬೇಕಾದರೂ ಅವನ ಒಪ್ಪಿಗೆ ತರಬೇಕಾಗಿತ್ತು. ನಾನು ಅಳುಮುಖ ಮಾಡಿಕೊಂಡು ಅವರ ಮೇಜಿನ ಹತ್ತಿರ ಹೋಗಿ, ನನ್ನಿಂದ ಹೀಗಾಯಿತು ಎಂದೆ.

"ನಿನ್ನಿಂದ ಅಲ್ಲ, ನನ್ನಿಂದ. ಅಲ್ಲೇ ಹೇಳಿದ್ದು ನಿನಗ ತಿಳೀಲಿಲ್ಲೇನು? ನಾ ನಿನ್ನ ಉಳಸಾಕ ಸುಳ್ಳ ಹೇಳಿಲ್ಲ." ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ಕಾಗದಗಳನ್ನು ಎತ್ತಿ ಜಾಗ ಮಾಡಿ, "ಆ ಸ್ಕ್ರಿಪ್ಟ್ ಇನ್ನೂ ಅದ ಏನು?" ಎಂದು ಕೇಳಿದರು.

ಅಳಿಸಿರಲಿಲ್ಲ. ಅದನ್ನು ಮುಟ್ಟಲು ಧೈರ್ಯ ಬಂದಿರಲಿಲ್ಲ.

ಆ ಮಧ್ಯಾಹ್ನ ಅವರು ನನಗೆ ಯುಲಿಮಿಟ್ ಎಂಬ ಆಜ್ಞೆಯನ್ನು ಕಲಿಸಿದರು. ನನ್ನ ಕೈಯಿಂದಲೇ ಟೈಪ್ ಮಾಡಿಸಿ, ನನ್ನ ಮಿತಿಗಳನ್ನೆಲ್ಲ ಪರದೆಯ ಮೇಲೆ ತರಿಸಿದರು. ಪ್ರತಿ ಮಿತಿಗೂ ಎರಡು ಗೆರೆಗಳಿರುತ್ತವೆ. ಒಂದು ಮೆದುವಾದದ್ದು, ಅದು ಸದ್ಯಕ್ಕೆ ನಡೆಯುವ ಗೆರೆ. ನಮಗೆ ಬೇಕಾದಾಗ ಮೇಲಕ್ಕೋ ಕೆಳಕ್ಕೋ ಸರಿಸಿಕೊಳ್ಳಬಹುದು. ಇನ್ನೊಂದು ಗಟ್ಟಿಯಾದದ್ದು, ಮೆದು ಗೆರೆ ಅದನ್ನು ದಾಟುವಂತಿಲ್ಲ. ಆ ಗಟ್ಟಿ ಗೆರೆಯನ್ನು ಐವತ್ತು ಪ್ರೊಸೆಸ್‌ಗೆ ಇಳಿಸು ಎಂದರು. ಇಳಿಸಿದೆ. ಈಗ ನೂರಕ್ಕೆ ಏರಿಸು ಎಂದರು. ಅನುಮತಿ ಇಲ್ಲ ಎಂದಿತು ಯಂತ್ರ.

"ನೋಡಿದಿ? ಇಳಸೂದು ಯಾರ ಬೇಕಾದ್ರೂ ಇಳಸಬಹುದು. ಹೊಳ್ಳಿ ಏರಸೂದು ರೂಟ್, ಅಂದ್ರ ಯಂತ್ರದ ಪೂರ್ತಿ ಅಧಿಕಾರ, ಇದ್ದಾವರ ಕೈಯಾಗ ಮಾತ್ರ. ಈಗ ನಿನ್ನ ಸ್ಕ್ರಿಪ್ಟ್ ಓಡಸು."

ನಾನು ಕೀಬೋರ್ಡಿನಿಂದ ಕೈ ತೆಗೆದೆ. "ಬೇಡ ಪಾರ್ವತಕ್ಕ, ನಂಗೆ ಭಯ ಆಗುತ್ತೆ" ಎಂದೆ. ಸುತ್ತ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು. ಗ್ರೆಗ್‌ನ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಿತ್ತು.

"ಹೆದರಬ್ಯಾಡ. ಇವತ್ತ ಓಡಸಲಿಲ್ಲ ಅಂದ್ರ ಈ ಹೆದರಿಕಿ ನಿನ್ನ ಕೂಡ ರಿಟೈರ್ ಆಗೂತನ ಇರತದ. ಒತ್ತು."

ಒತ್ತಿದೆ. ಪರದೆಯ ಮೇಲೆ ಒಂದರ ಕೆಳಗೊಂದು ಅದೇ ದೂರು ಉರುಳಿತು, ಹೊಸ ಪ್ರೊಸೆಸ್ ಹುಟ್ಟಿಸಲಾಗುತ್ತಿಲ್ಲ, ಹುಟ್ಟಿಸಲಾಗುತ್ತಿಲ್ಲ ಎಂದು. ನಾನು ಆಫೀಸಿನ ಸುತ್ತ ನೋಡಿದೆ. ಯಾರೂ ತಲೆಯೆತ್ತಲಿಲ್ಲ. ಕಿಟಕಿಯ ಹತ್ತಿರ ಒಬ್ಬ ಫೋನಿನಲ್ಲಿ ನಗುತ್ತ ಮಾತಾಡುತ್ತಿದ್ದ. ಪಕ್ಕದ ಕಂಪ್ಯೂಟರಿನಿಂದ ಪಾರ್ವತಕ್ಕ ನನ್ನ ಪ್ರೊಸೆಸ್‌ಗಳನ್ನೆಲ್ಲ ಒಂದೇ ಆಜ್ಞೆಯಲ್ಲಿ ನಿಲ್ಲಿಸಿ, ಇನ್ನು ಹೊಸದಾಗಿ ಲಾಗಿನ್ ಆಗು, ಹಳೆಯ ಮಿತಿ ವಾಪಸ್ ಬಂದಿರುತ್ತದೆ ಎಂದರು. ಆಮೇಲೆ ಸ್ಕ್ರಿಪ್ಟಿನ ಹೆಸರು ಬದಲಿಸಲು ಹೇಳಿದರು. ನಾನು ಅದಕ್ಕೆ "ಎರಡು-ಸೀಟು" ಎಂದು ಹೆಸರಿಟ್ಟೆ. ಅದು ಇವತ್ತಿಗೂ ಓಡುತ್ತಿದೆ.

ಸಲಹೆಗಾರನ ಕಾಲ ಮುಗಿದದ್ದು ಒಂದು ಪ್ರೋಗ್ರಾಮಿನಿಂದ. ಪ್ರಯೋಗಾಲಯದ ಸೆನ್ಸರುಗಳಿಂದ ಬಂದ ಮಾಹಿತಿಯನ್ನು ಓದಿ ನಮ್ಮ ಲೆಕ್ಕದ ಜೊತೆ ಹೋಲಿಸಲು ಗ್ರೆಗ್ ತಾನೇ ಕುಳಿತು ಒಂದು ಪ್ರೋಗ್ರಾಮ್ ಬರೆದಿದ್ದ. ಮುಖ್ಯಸ್ಥನಾದ ಮೇಲೆ ಅವನಿಗೆ ಬರೆಯಲು ಅವಕಾಶ ಸಿಗುತ್ತಿರಲಿಲ್ಲ, ಹಾಗಾಗಿ ಅದರ ಮೇಲೆ ವಿಶೇಷ ಮಮತೆ. ಅದು ಶುರುವಾಗಿ ಸರಿಯಾಗಿ ನಾಲ್ಕು ಗಂಟೆ ಕಳೆದಾಗ, ತೆರೆದ ಫೈಲುಗಳು ಅತಿಯಾದವು ಎಂದು ಹೇಳಿ ಸಾಯುತ್ತಿತ್ತು. ಗ್ರೆಗ್ ಬಂದು, ಫೈಲುಗಳ ಮಿತಿ ತೆಗೆದುಹಾಕು, ಅನ್‌ಲಿಮಿಟೆಡ್ ಮಾಡು ಎಂದ. ಸಲಹೆಗಾರನೂ ತಲೆಯಾಡಿಸಿದ. ಪಾರ್ವತಕ್ಕ ತಮ್ಮ ಪ್ರಶ್ನೆ ಕೇಳಿದರು. ನನಗೇನು ಗೊತ್ತು, ಅದಕ್ಕೆ ಬೇಕಾದಷ್ಟು ಎಂದ ಗ್ರೆಗ್. ಅದಕ್ಕೆ ಎಷ್ಟು ಬೇಕು ಎಂದು ನೋಡಲು ಒಂದು ದಿನ ಕೊಡು ಎಂದು ಕೇಳಿದರು. ಒಲ್ಲದ ಮನಸ್ಸಿನಿಂದ ಕೊಟ್ಟ.

ಮರುದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ಹತ್ತು ಹತ್ತು ನಿಮಿಷಕ್ಕೊಮ್ಮೆ, ಆ ಪ್ರೋಗ್ರಾಮ್ ಎಷ್ಟು ಫೈಲು ತೆರೆದಿದೆ ಎಂದು ನೋಡಿ ಹಳದಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಯಂತ್ರಕ್ಕೇ ಬರೆಸಬಹುದಿತ್ತಲ್ಲ ಎಂದು ಕೇಳಿದೆ. ಕೈಯಿಂದ ಬರೆದರೆ ಏರುವುದು ಕೈಗೇ ತಿಳಿಯುತ್ತದೆ ಎಂದರು. ಸಂಖ್ಯೆ ಏರುತ್ತಲೇ ಇತ್ತು, ಒಮ್ಮೆಯೂ ಇಳಿಯಲಿಲ್ಲ. ಅಂದರೆ ಪ್ರೋಗ್ರಾಮ್ ಒಂದೊಂದೇ ಫೈಲು ತೆರೆಯುತ್ತಿತ್ತು, ಓದುತ್ತಿತ್ತು, ಮುಚ್ಚುವುದನ್ನು ಮರೆಯುತ್ತಿತ್ತು. ಮಿತಿ ಏರಿಸಿದ್ದರೆ ನಾಲ್ಕು ಗಂಟೆಯಲ್ಲಿ ಸಾಯುವ ಬದಲು ನಾಲ್ಕನೇ ದಿನ ಸಾಯುತ್ತಿತ್ತು, ಅದೂ ಗಿರಾಕಿಯ ಕೆಲಸದ ನಡುವೆ.

"ಮಿತಿ ಬೈಯೂದಿಲ್ಲ ತಂಗಿ, ಹೇಳತದ" ಎಂದರು ಪೆನ್ಸಿಲ್ ಕೆಳಗಿಡುತ್ತ. "ಇವ್ರು ಹೇಳಾವರ ಬಾಯಿ ಮುಚ್ಚು ಅಂತಾರ."

ಮೂರು ಗಂಟೆಗೆ ಮೀಟಿಂಗ್ ಇತ್ತು, ಸಲಹೆಗಾರ ಸೇರಿದಂತೆ ಎಲ್ಲರೂ ಬರುವವರಿದ್ದರು. ಆ ಹಳದಿ ಹಾಳೆಯನ್ನು ಅಲ್ಲಿ ಮೇಜಿನ ಮೇಲೆ ಹರಡಿದ್ದರೆ ಸಾಕಿತ್ತು. ನಾನಾಗಿದ್ದರೆ ಹರಡುತ್ತಿದ್ದೆ. ಅವರು ಎರಡೂವರೆಗೇ ಗ್ರೆಗ್‌ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅವನೊಬ್ಬನಿಗೇ ತೋರಿಸಿ ಬಂದರು. ಮೀಟಿಂಗಿನಲ್ಲಿ ಗ್ರೆಗ್, ತನ್ನ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಕಂಡುಬಂದಿದೆ, ತಿದ್ದುತ್ತಿದ್ದೇನೆ, ಮಿತಿ ಇದ್ದ ಹಾಗೇ ಇರಲಿ ಎಂದಷ್ಟೇ ಹೇಳಿದ. ಮುಂದಿನ ತಿಂಗಳು ಸಲಹೆಗಾರನ ಕರಾರನ್ನು ಮುಂದುವರಿಸಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ. ಪಾರ್ವತಕ್ಕನೂ ಹೇಳಲಿಲ್ಲ, ಆ ದಿನ ರೊಟ್ಟಿಯ ಜೊತೆ ಒಂದು ತುಂಡು ಕರದಂಟು ಕೊಟ್ಟರು ಅಷ್ಟೇ.

ಅವರು ತಪ್ಪೇ ಮಾಡದವರಲ್ಲ. ಒಮ್ಮೆ ಯಾರೂ ನಿಲ್ಲಿಸದೆ ಸುಮ್ಮನೆ ಓಡುತ್ತಲೇ ಇದ್ದ ಅನಾಥ ಪ್ರೊಸೆಸ್‌ಗಳ ಕಾಟ ತಪ್ಪಿಸಲು, ಸಿಪಿಯು ಇಷ್ಟು ಗಂಟೆ ದುಡಿದರೆ ಸಾಕು ಎಂದು ಮಿತಿ ಹಾಕಿದರು, ಅದರಿಂದ ನಮ್ಮ ಒಬ್ಬ ಸಹೋದ್ಯೋಗಿಯ ಒಂಬತ್ತು ದಿನದ ಲೆಕ್ಕ ಎಂಟನೇ ದಿನ ಸತ್ತುಹೋಯಿತು. ಪಾರ್ವತಕ್ಕ ಅವನ ಮೇಜಿನ ಮುಂದೆ ಹೋಗಿ ನಿಂತು ಕ್ಷಮೆ ಕೇಳಿದ್ದನ್ನು ನೋಡಿದ್ದೇನೆ. ಹಟವೂ ಇತ್ತು. ಮೆಮೊರಿ ಕೇಳಲು ಬಂದವರನ್ನು ಮೂರು ಸಲ ತಿರುಗಿಸಿ ಕಳಿಸಿ, ನಾಲ್ಕನೇ ಸಲ ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟದ್ದುಂಟು. ಯಾಕೆ ಎಂದರೆ, ಈಗ ಲೆಕ್ಕ ಹಾಕಿಕೊಂಡು ಬಂದಿದ್ದಾನೆ, ಆದರೆ ಕೂಡಿಸುವುದರಲ್ಲಿ ತಪ್ಪಿದ್ದಾನೆ ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕಂಪನಿಯವರು ಸರ್ವರ್ ಕೋಣೆಯನ್ನೇ ಮುಚ್ಚಲು ತೀರ್ಮಾನಿಸಿದರು. ಎಲ್ಲೋ ದೂರದಲ್ಲಿರುವ ಬಾಡಿಗೆಯ ಯಂತ್ರಗಳ ಮೇಲೆ ಲೆಕ್ಕ ಓಡಿಸುವುದು ಎಂದಾಯಿತು. ಪಾರ್ವತಕ್ಕನನ್ನು ಇರಿ ಎಂದರು, ಅವರು ಒಲ್ಲೆ ಎಂದರು. ತಮ್ಮ ಕೆಲಸವನ್ನು ನನಗೆ ಒಪ್ಪಿಸಬೇಕೆಂದು ಅವರೇ ಕೇಳಿದರಂತೆ. ಹಾಗೆ ಮೊದಲ ಬಾರಿಗೆ ನಾನು ಅವರ ಮಿತಿಗಳ ಫೈಲನ್ನು ಪೂರ್ತಿ ಓದಿದೆ.

ಪ್ರತಿ ಸಾಲಿನ ಮೇಲೂ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಇತ್ತು. ಯಾರು ಕೇಳಿದರು, ಎಷ್ಟು ಕೇಳಿದರು, ಅಳೆದಾಗ ನಿಜವಾಗಿ ಎಷ್ಟು ಬೇಕಾಗಿತ್ತು. ಒಬ್ಬನ ಹೆಸರಿನ ಮೇಲೆ, ಇವನಿಗೆ ಮಗು ಹುಟ್ಟಿದೆ, ಈ ತಿಂಗಳು ಕೆಲಸ ಬೇಗ ಮುಗಿಯಲಿ, ಆಮೇಲೆ ಇಳಿಸಬೇಕು ಎಂದಿತ್ತು. ಅದರ ಕೆಳಗೇ, ಇಳಿಸಿಲ್ಲ, ಎರಡನೇ ಮಗು ಎಂದಿತ್ತು. ತಮ್ಮ ಹೆಸರಿನ ಮುಂದೆ ಎಲ್ಲರಿಗಿಂತ ಕಡಿಮೆ ಸಂಖ್ಯೆ ಇತ್ತು, ಅದರ ಮೇಲೆ ಟಿಪ್ಪಣಿ ಇರಲಿಲ್ಲ. ನಾನು ಪರದೆಯ ಮುಂದೆ ಕುಳಿತು ಅದನ್ನೆಲ್ಲ ಓದುತ್ತಿದ್ದಾಗ ಅವರು ಹಿಂದೆ ನಿಂತು, ಹಳೆಯ ಜಾಕೆಟನ್ನು ಮಡಚಿ ಒಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಆ ಶುಕ್ರವಾರ ಇಳಕಲ್ ಸೀರೆ ಉಟ್ಟು ಬಂದು, ಎಲ್ಲರ ಮೇಜಿಗೂ ಹೋಗಿ ಕೈಕುಲುಕಿ ಹೋದರು. ವಿಕ್ಸಮ್‌ನ ಮನೆಯನ್ನು ಮಾರಿ ಮಗನಿರುವ ಅರೋರಾಗೆ ಹೊರಟರು, ಶಿಕಾಗೋದ ಪಶ್ಚಿಮಕ್ಕಿರುವ ಊರು.

ನಾನು ಅವರನ್ನು ಮತ್ತೆ ನೋಡಿದ್ದು ಒಂದೇ ಸಲ. ಈಗ ಅವರಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅವರ ಮಗ ವಿನಯ್ ಫೋನ್ ಮಾಡಿದ. ಅವನು ಇಲ್ಲೇ ಹುಟ್ಟಿ ಬೆಳೆದವನು, ನಾವು ಅದುವರೆಗೆ ಮಾತಾಡಿರಲಿಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿದೆ, ಪ್ರಾಣಕ್ಕೆ ಅಪಾಯವಿಲ್ಲ, ಪುನಶ್ಚೇತನ ಕೇಂದ್ರದಲ್ಲಿದ್ದಾರೆ ಎಂದ. ಆದರೆ ಅವರ ಇಂಗ್ಲಿಷ್ ಹೋಗಿದೆ ಎಂದ. ಹೇಳಿದ್ದು ತಿಳಿಯುತ್ತದೆ, ಆದರೆ ಬಾಯಿಂದ ಬರುವುದು ಕನ್ನಡ ಒಂದೇ. ಕೇಂದ್ರದವರು ಫೋನಿನಲ್ಲಿ ಒಬ್ಬ ದುಭಾಷಿಯನ್ನು ಕೊಟ್ಟಿದ್ದರು, ಆ ದುಭಾಷಿಗೆ ಅವರ ಗದಗಿನ ತೊದಲು ಮಾತು ಹಿಡಿಯಲಾಗಲಿಲ್ಲ. ಅಮ್ಮನ ಫೋನಿನಲ್ಲಿ ಹೆಚ್ಚು ಸಲ ಇದ್ದ ಕನ್ನಡದ ಹೆಸರು ನನ್ನದಂತೆ. ಶನಿವಾರ ಬೆಳಗ್ಗೆ ಎದ್ದು ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆ.

ನಾನು ಹೋದಾಗ ಮಾತು ಕಲಿಸುವ ಹುಡುಗಿ ಅವರ ಮುಂದೆ ಚಿತ್ರಗಳನ್ನು ಹಿಡಿದು ಪರೀಕ್ಷೆ ಮಾಡುತ್ತಿದ್ದಳು. ಬಾಚಣಿಗೆಯ ಚಿತ್ರ. "ಹಣಗಿ" ಎಂದರು ಪಾರ್ವತಕ್ಕ, ಕಷ್ಟಪಟ್ಟು. ಹುಡುಗಿ ಹಾಳೆಯ ಮೇಲೆ ತಪ್ಪು ಗುರುತು ಹಾಕಿದಳು. ಕೀಲಿಕೈಯ ಚಿತ್ರ. "ಕೀಲಿ." ತಪ್ಪು ಗುರುತು. ಪೊರಕೆಯ ಚಿತ್ರ. "ಕಸಬರಗಿ." ಮತ್ತೆ ತಪ್ಪು. ಗೋಡೆಗೆ ಒರಗಿ ನಿಂತ ವಿನಯ್ ನೆಲ ನೋಡುತ್ತಿದ್ದ. ನಾನು ಹಾಕಿದ್ದ ಕೋಟನ್ನೂ ತೆಗೆಯದೆ ಮುಂದೆ ಹೋಗಿ, ಇವೆಲ್ಲ ಸರಿಯುತ್ತರಗಳು ಎಂದೆ. ಹುಡುಗಿ ಹಾಳೆಯನ್ನು ತಿರುಗಿಸಿ ಮೊದಲಿನಿಂದ ಶುರುಮಾಡಿದಳು, ನಾನು ಪಕ್ಕದಲ್ಲಿ ಕುಳಿತು ಹೌದು, ಹೌದು ಎನ್ನುತ್ತ ಹೋದೆ. ಇಪ್ಪತ್ತರಲ್ಲಿ ಹದಿನೇಳು ಸರಿ. ಪಾರ್ವತಕ್ಕ ನನ್ನ ಕೈ ಹಿಡಿದುಕೊಂಡರು, ಆ ಕೈಯಲ್ಲಿ ಬಲವಿತ್ತು.

ಎರಡು ದಿನ ನಾನು ಅವರಿಬ್ಬರ ನಡುವೆ ಕುಳಿತೆ. ಕಿಟಕಿಯ ಪರದೆ ಸರಿಸಬೇಕು, ಬಲಗಾಲು ಉರಿಯುತ್ತದೆ, ಸೂಪು ಸಪ್ಪೆ, ಇಂಥ ಮಾತುಗಳನ್ನು ಆಚೆಯಿಂದೀಚೆಗೆ ದಾಟಿಸುತ್ತಿದ್ದೆ. ಭಾನುವಾರ ಬೆಳಗ್ಗೆ ಕಾರಿಡಾರಿನಲ್ಲಿ ಕಾಫಿ ಕುಡಿಯುವಾಗ ವಿನಯ್ ಹೇಳಿದ. ಅವನು ಚಿಕ್ಕವನಿದ್ದಾಗ ಮಾತು ತಡವಾಯಿತಂತೆ. ಮನೆಯಲ್ಲಿ ಒಂದೇ ಭಾಷೆ ಇರಲಿ, ಇಂಗ್ಲಿಷ್ ಮಾತ್ರ ಆಡಿ ಎಂದು ಶಾಲೆಯ ಟೀಚರ್ ಹೇಳಿಕಳಿಸಿದರಂತೆ. ಅಂದಿನಿಂದ ಅಮ್ಮ ಅವನ ಮುಂದೆ ಒಂದು ಕನ್ನಡ ಪದವನ್ನೂ ಆಡಲಿಲ್ಲ. ಆಗ ಅವರಿಗೂ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲವಂತೆ, ಅವನ ಕಾರ್ಟೂನು ನೋಡುತ್ತ ಕಲಿತರಂತೆ. ಈಗ ಅವರು ಏನೋ ಹೇಳುತ್ತಾರೆ, ನಾನು ಪರದೇಶಿಯ ಹಾಗೆ ನಿಲ್ಲುತ್ತೇನೆ ಎಂದ. ಅವನ ಕಣ್ಣು ಕೆಂಪಾಗಿತ್ತು. ಯಾಕೆ ಆಮೇಲಾದರೂ ಕಲಿಸಲಿಲ್ಲ ಎಂದು ಅಮ್ಮನನ್ನು ಕೇಳುತ್ತೀಯಾ ಎಂದ.

ಒಳಗೆ ಹೋಗಿ ಕೇಳಿದೆ. ಅವರು ಮಗನ ಕಡೆ ತಿರುಗಿ ಒಂದೊಂದೇ ಪದ ಹುಡುಕಿ ಹೇಳಿದರು.

"ಅವಂಗ ಹೇಳು. ಅವನ ಭಾಷಾ ಕಲಿಯಾಕ ನನಗ ಭಾಳ ವರ್ಷ ಹಿಡದ್ವು. ಅವಂಗೂ ಹಿಡೀಲಿ. ಅವಸರಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ವಿನಯ್ ಜೇಬಿನಿಂದ ಫೋನ್ ತೆಗೆದು, ನೀರಿಗೆ ಏನನ್ನುತ್ತಾರೆ, ಬೇಕೇ ಎಂದು ಹೇಗೆ ಕೇಳುವುದು, ನೋವಿಗೆ ಏನು ಎಂದು ನನ್ನಿಂದ ಕೇಳಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳತೊಡಗಿದ. ನಾನು ಹೇಳಿದ್ದನ್ನೆಲ್ಲ ಪಾರ್ವತಕ್ಕ ಹಾಸಿಗೆಯಿಂದಲೇ ತಿದ್ದಿದರು, ನನ್ನ ಮೈಸೂರು ಕನ್ನಡ ಅವನಿಗೆ ಹತ್ತಬಾರದೆಂದು.

ಮಧ್ಯಾಹ್ನ ಊಟವಾದ ಮೇಲೆ ಹೊರಟೆ. ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೆ, ಹಿಮ ಬಿತ್ತು, ಆಮೇಲೆ ಕೆಲಸ ಬಿತ್ತು. ಫೆಬ್ರವರಿಯಲ್ಲಿ ಎರಡನೆಯ ಸ್ಟ್ರೋಕ್ ಬಂತು. ಆ ಮೂರೂವರೆ ತಿಂಗಳಲ್ಲಿ ತನಗೆ ಇನ್ನೂರು ಪದ ಬಂದಿದ್ದವು ಎಂದು ವಿನಯ್ ಬರೆದಿದ್ದ.

ಆ ಭಾನುವಾರ ಕೋಟು ಹಾಕಿಕೊಂಡು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ವಿನಯ್ ಫೋನ್ ನೋಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಕೇಳುವುದು ಕೇಳಿಸಿತು.

"ಅವ್ವಾ, ನೀರ ಬೇಕೇನು?"

"ಬ್ಯಾಡ" ಎಂದರು ಪಾರ್ವತಕ್ಕ. "ಕುಂದರು."

ಅವನು ಆ ಪದವನ್ನು ಬರೆದುಕೊಂಡಿರಲಿಲ್ಲ. ಆದರೂ ಕುರ್ಚಿ ಎಳೆದು ಕುಳಿತ.